ಎರಡು ಹನಿ ಔಡಲೆಣ್ಣೆ

ಔರಾದಿಗೆ ದಿನಕ್ಕೆ ಎರಡೇ ಬಸ್ಸು ಬರುತ್ತಿದ್ದ ಕಾಲವದು. ಜೋಳದ ಕಾಳಿಗೆ ಹಾಲು ತುಂಬಿದ್ದು ನಮಗಿಂತ ಮೊದಲು ಗಿಳಿಗಳಿಗೆ ಗೊತ್ತಾಗುತ್ತಿತ್ತು. ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸಿದವರು ನಿಮ್ಮಲ್ಲೂ ಇದ್ದೀರಿ. ಗಂಟಲು ಹರಿಯುವ ಹಾಗೆ ಕೂಗಿದ್ದು, ಸೆಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟ ಎಳೆ ತೆನೆಯ ಸೀತನಿ ತಿಂದು ನಾಲಿಗೆ ಸುಟ್ಟುಕೊಂಡದ್ದು ನಾನು ಹೇಳಬೇಕಿಲ್ಲ. ನಮ್ಮಲ್ಲಿ ಕವಣೆಯ ಜೊತೆಗೆ ಒಂದು ಛರ್ರೆ ಬಂದೂಕವೂ ಇತ್ತು. ಅಪ್ಪ ಬೀದರಿನಿಂದ ತಂದದ್ದು. ಮದ್ದಿಲ್ಲ, ಬೆಂಕಿಯಿಲ್ಲ. ನಳಿಗೆ ಮಡಚಿದರೆ ಒಳಗಿನ ಸ್ಪ್ರಿಂಗು ಬಿಗಿಯುತ್ತದೆ, ಕುದುರೆ ಎಳೆದರೆ ಗಾಳಿ ನುಗ್ಗಿ ಛರ್ರೆಯನ್ನು, ಅಂದರೆ ಸೀಸದ ಸಣ್ಣ ಗುಂಡನ್ನು, ದೂಡುತ್ತದೆ.

ನಾನಾಗ ನಾಲ್ಕನೆಯ ಇಯತ್ತೆ. ಪರೀಕ್ಷೆಗೆ ಎರಡು ತಿಂಗಳಿತ್ತು. ಪಾಸಾಗಿ ಐದನೆಯದಕ್ಕೆ ಹೋಗಬೇಕು, ನನಗೆ ಬೇಕಿದ್ದದ್ದು ಅದೊಂದೇ.

ಆ ಸುಗ್ಗಿಗೆ ಮುಂಚೆ ಬಂದೂಕ ಕೈಕೊಟ್ಟಿತು. ಛರ್ರೆ ಗಿಳಿಯ ತನಕ ಹೋಗದೆ ನಡುವೆಯೇ ಉದುರತೊಡಗಿತು. ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಶಿವರಾಜ ಗಿಲ್ಲಿ ಆಡಲು ಓಡಿಹೋದ. ಬಂದೂಕ ಹೊತ್ತು ಬಜಾರಿಗೆ ನಾನೇ ಹೋದೆ. ಅಲ್ಲಿ ಸ್ಟೋವು, ಬೀಗ ರಿಪೇರಿ ಮಾಡುವ ಖಾಸಿಮ್ ಚಾಚಾ ಅದನ್ನು ಬಿಚ್ಚಿ ಮೂಸಿ ನೋಡಿದ.

"ಯಾರು ಇದಕ್ಕ ಒಗ್ಗರಣಿ ಹಾಕಿದ್ದು?"

"ಅಣ್ಣ. ಕುಸುಬಿ ಎಣ್ಣಿ ಹಾಕ್ಯಾನರಿ ಚಾಚಾ."

"ಬೇಟಿ, ಕುಸುಬಿ ಎಣ್ಣಿ ಹೊಟ್ಟಿಗಿ ಛಲೋ, ಬಂದೂಕಕ್ಕಲ್ಲ. ಒಣಗಿದ್ರ ಗೋಂದ ಆಗ್ತದ. ಔಡಲೆಣ್ಣಿ ಹಾಕು, ಎರಡ ಹನಿ. ಮೂರನೇದು ಹಾಕಿದ್ರ ನನ್ನ ಕಡಿ ಬರಬ್ಯಾಡ."

ಸ್ಪ್ರಿಂಗಿನ ಮುಂದೆ ಚರ್ಮದ ಸಣ್ಣ ಟೋಪಿಯೊಂದಿರುತ್ತದೆ. ಗಾಳಿಯನ್ನು ಒತ್ತುವುದು ಅದೇ. ಅದು ಹಳದಿ ಅಂಟಿನಲ್ಲಿ ಹೂತುಹೋಗಿತ್ತು. ಚಾಚಾ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದ. ಹಳೆಯ ಚಪ್ಪಲಿಯ ಚರ್ಮ ಕತ್ತರಿಸಿ, ಔಡಲೆಣ್ಣೆಯಲ್ಲಿ ನೆನೆಸಿ, ಹೊಸ ಟೋಪಿ ಮಾಡುವುದನ್ನು ತೋರಿಸಿದ. ನಾನು ಕಣ್ಣು ಮಿಟುಕಿಸದೆ ನೋಡಿದೆ.

ಹದಿನೈದು ದಿನಕ್ಕೆ ಆ ಟೋಪಿಯೂ ಹರಿಯಿತು. ಈ ಸಲ ಬಜಾರಿಗೆ ಹೋಗಲಿಲ್ಲ, ಮನೆಯಲ್ಲೇ ಬಿಚ್ಚಿದೆ. ಸ್ಪ್ರಿಂಗು ಹಾರದಂತೆ ಅವ್ವ ಮೈಭಾರ ಹಾಕಿ ಒತ್ತಿ ಹಿಡಿದಳು, ನಾನು ಮೊಳೆ ಎಳೆದೆ.

"ಏ ಮೂಳಿ, ಇದು ಹಾರಿ ನನ್ನ ಹಲ್ಲ ಮುರಿದ್ರ ನಿಮ್ಮಪ್ಪ ಇನ್ನೊಬ್ಬಾಕೀನ ಮಾಡ್ಕೋತಾನ!"

"ನಗಬ್ಯಾಡಬೇ, ಕೈ ಸಡ್ಲ ಆಗ್ತದ!"

ಹೊಸ ಟೋಪಿ ಕೂಡಿಸಿದೆ. ಎರಡೇ ಹನಿ ಹಾಕಿದೆ. ಗೋಡೆಗೆ ಎರಡು ಕುಳ್ಳು ಆನಿಸಿಟ್ಟು ಹೊಡೆದೆ. ಮೊದಲು ಒಂದನ್ನೂ ತೂರದ ಛರ್ರೆ ಎರಡನ್ನೂ ದಾಟಿ ಮಣ್ಣಿನ ಗೋಡೆಯಲ್ಲಿ ನಾಟಿತು. ಅಪ್ಪ ಬಂದು ಆ ತೂತಿನ ಮೇಲೆ ಬೆರಳಿಟ್ಟು ನೋಡಿದ. ಶಾಭಾಸ್ ಅನ್ನುತ್ತಾನೆ ಅಂದುಕೊಂಡೆ.

"ನಾಳಿಂದ ಈಕಿ ಹೊಲದಾಗ ಇರ್ಲಿ. ಶಿವರಾಜ ಕೈ ಹಚ್ಚಿದ್ರ ಕೆಡ್ತದ, ಈಕಿ ಹಚ್ಚಿದ್ರ ನಡೀತದ."

"ಅಪ್ಪಾ, ನಂದು ಪರೀಕ್ಷಾ ಅದ."

"ಗಿಳಿಗೋಳು ನಿನ್ನ ಪರೀಕ್ಷಾ ಮುಗಿಯೂತನ ಕಾಯ್ತಾವೇನು? ಜ್ವಾಳ ಮನಿಗಿ ಬಂದಮ್ಯಾಲ ಹೋಗು."

ಜೋಳ ಮನೆಗೆ ಬಂತು. ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಮರುವರ್ಷ ಅಣ್ಣ ಓದಲು ಭಾಲ್ಕಿಗೆ ಹೋದ, ನಾನು ಮತ್ತೆ ಅಟ್ಟ ಹತ್ತಿದೆ.

ಅಟ್ಟದ ಮೇಲೆ ನನ್ನ ಹತ್ತಿರ ಎರಡು ಶೀಶೆ ಇರುತ್ತಿದ್ದವು. ಒಂದರಲ್ಲಿ ಬಂದೂಕಕ್ಕೆ ಔಡಲೆಣ್ಣೆ, ಇನ್ನೊಂದರಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಗೆ ಕುಸುಬಿ ಎಣ್ಣೆ. ಒಂದು ಚಮಚ ಕುಸುಬಿ ಎಣ್ಣೆ ಸುರಿದಿದ್ದರೆ ಸಾಕಿತ್ತು. ವಾರದಲ್ಲಿ ಬಂದೂಕ ಕಟ್ಟಿಕೊಳ್ಳುತ್ತಿತ್ತು, ಇವಳಿಂದಲೂ ಆಗುವುದಿಲ್ಲ ಅಂತ ಅಪ್ಪ ಸಾಲೆಗೆ ಕಳಿಸುತ್ತಿದ್ದ. ಒಂದು ದಿನ ನಳಿಗೆ ಮಡಚಿ ಆ ಶೀಶೆಯ ಬೂಚನ್ನೂ ತೆಗೆದೆ. ಕೈ ಬಗ್ಗಲಿಲ್ಲ. ನಾನೇ ಸರಿಮಾಡಿದ್ದನ್ನು ನಾನೇ ಹೇಗೆ ಕೆಡಿಸಲಿ? ಎಣ್ಣೆಯನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದೆ. ಜನ ಇದಕ್ಕೆ ನಿಯತ್ತು ಅನ್ನುತ್ತಾರೆ. ನಾನು ದಡ್ಡತನ ಅನ್ನುತ್ತೇನೆ.

ಈಗಲೂ ಬರೆದರೆ ಒತ್ತಕ್ಷರ ತಪ್ಪುತ್ತವೆ. ಈ ಬರಹವನ್ನು ತಿದ್ದಿದವಳು ಮೊಮ್ಮಗಳು.

ಹೋದ ತಿಂಗಳು ಬೀದರಿನ ಚಿದ್ರಿಯಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆ. ಮಾಸ್ತರಿಕೆ ಮಾಡಿ ರಿಟೈರ್ ಆದವನು. ಪಡಸಾಲೆಯ ಗೋಡೆಗೆ ಆ ಬಂದೂಕ ತೂಗುಹಾಕಿದ್ದಾನೆ. ಬಂದ ಬೀಗರಿಗೆ ಹೇಳುತ್ತಿದ್ದ: "ಸಣ್ಣಾಂವಿದ್ದಾಗ ಇದನ್ನ ನಾನೇ ಬಿಚ್ಚಿ ರಿಪೇರಿ ಮಾಡ್ತಿದ್ದೆರಿ." ನಾನು ಚಹಾ ಕುಡಿದೆ. ಬೀಗರು ಹೋದಮೇಲೆ ದನಿ ತಗ್ಗಿಸಿದ.

"ಕಸ್ತೂರಿ, ಇದು ಬಿಗಿ ಹಿಡಿದದ. ಆವಾಗ ಯಾವ ಎಣ್ಣಿ ಹಾಕ್ತಿದ್ದಿ?"

ತಾನು ಹಿಂದೆ ಹಾಕಿ ಕೆಡಿಸಿದ್ದ ಎಣ್ಣೆ ಯಾವುದೆಂದೂ ಅವನಿಗೆ ನೆನಪಿರಲಿಲ್ಲ.

"ಕುಸುಬಿ ಎಣ್ಣಿ ಅಣ್ಣಾ," ಅಂದೆ. "ಕೈ ಬಿಗಿ ಹಿಡೀಬ್ಯಾಡ, ಚಮಚ ತುಂಬಿ ಹಾಕು."

ನನ್ನೆದುರಿಗೇ ಸುರಿದ. ಅರವತ್ತು ವರ್ಷ ತಡವಾಯಿತು.