ಅಜ್ಜಿಯ ಕೆಮ್ಮು

ಆಗ ಕೊಲ್ಲಿ ದೇಶದಲ್ಲಿ ಮನೆಮನೆಗೆ ಹೋಗಿ ಎ.ಸಿ. ರಿಪೇರಿ ಮಾಡುವುದು ನನ್ನ ಕೆಲಸ. ಒಮ್ಮೆ ಅಲ್ ರಯ್ಯಾನ್‌ನಲ್ಲಿ ಉಡುಪಿ ಕಡೆಯವರ ಮನೆಗೆ ಹೋಗಿದ್ದೆ. ಅವರ ಮೂರು ವರ್ಷದ ಮಗಳು ಟೇಪ್ ರೆಕಾರ್ಡರ್ ಮುಂದೆ ಕೂತಿದ್ದಳು. ಊರಿಂದ ಅಜ್ಜಿ ಕಾಗದದ ಬದಲು ಮಾತಾಡಿ ಕಳಿಸಿದ್ದ ಕ್ಯಾಸೆಟ್ ಓಡುತ್ತಿತ್ತು. "ಕನ್ನಡ ಕಲೀಲಿ ಅಂತ ದಿನವಿಡೀ ಹಾಕಿ ಇಡ್ತೇವೆ" ಅಂದರು ತಾಯಿ.

ಕೆಲಸಕ್ಕೆಂದು ಮೇನ್ ಸ್ವಿಚ್ ಆಫ್ ಮಾಡಿದೆ. ಕ್ಯಾಸೆಟ್ ನಿಂತಿತು, ಮಾತು ನಿಲ್ಲಲಿಲ್ಲ.

"ಊಟ ಆಯ್ತಾ ಮಗಾ?" ಅಂದಳು ಹುಡುಗಿ, ಮುದುಕಿಯ ಹಾಗೆ ಎಳೆದು.

ನನ್ನನ್ನೇ ಕೇಳಿದಳೆಂದು, "ಆಯ್ತು ಪುಟ್ಟಿ, ನಿಂದು?" ಅಂದೆ. ಅವಳು ನನ್ನತ್ತ ನೋಡಲೇ ಇಲ್ಲ. ಎರಡು ಸಲ ಒಣಕೆಮ್ಮು ಕೆಮ್ಮಿ, "ನಾನಿನ್ನು ತುಂಬಾ ದಿನ ಇರುವವಳಲ್ಲ" ಅಂದಳು.

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ತಾಯಿಯತ್ತ ನೋಡಿದೆ.

"ಅತ್ತೆ ತೀರಿಹೋಗಿ ಆರು ತಿಂಗಳಾಯ್ತು" ಅಂದರು ತಾಯಿ ಮೆಲ್ಲಗೆ. "ಇವಳಿಗೆ ಬೇರೆ ಮಾತೇ ಬರುವುದಿಲ್ಲ."

"ಕ್ಯಾಸೆಟ್ ಉತ್ತರಕ್ಕೆ ಕಾಯುವುದಿಲ್ಲ ಅಕ್ಕಾ. ನೀವೇ ಮಾತಾಡಿಸಿ" ಅಂದೆ.

ಬುದ್ಧಿಯೇನೋ ಹೇಳಿಬಿಟ್ಟೆ. ಊರಲ್ಲಿದ್ದ ನನ್ನ ಮಗಳಿಗೂ ಅಪ್ಪ ಅಂದರೆ ಕ್ಯಾಸೆಟ್ಟೇ. ಅವತ್ತಿನಿಂದ ಅವಳಿಗೆ ರೆಕಾರ್ಡ್ ಮಾಡುವಾಗ ಕೆಮ್ಮು ಬಂದರೆ, ಮೊದಲು ಟೇಪ್ ನಿಲ್ಲಿಸಿ ಆಮೇಲೆ ಕೆಮ್ಮುತ್ತಿದ್ದೆ.