ಅಣ್ಣ ಮೇಳ ಬಿಟ್ಟದ್ದು

ನನ್ನ ಅಣ್ಣನ ಮೇಳ ಒಂದು ಶ್ರಾವಣದಲ್ಲಿ ಹುಟ್ಟಿ ಮುಂದಿನ ಶ್ರಾವಣ ಬರುವುದರೊಳಗೆ ನಿಂತುಹೋಯಿತು. ನಿಂತದ್ದು ನನ್ನ ಮದುವೆಯ ಸಲುವಾಗಿ. ಊರಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಅಣ್ಣನಂತೂ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ.

ತಿರ್ಲಾಪುರದ ಹತ್ತಿರ ನಮ್ಮೂರು. ಆಗ ಎಂಬತ್ತರ ದಶಕ ಇನ್ನೂ ಹೊಸದು. ಶ್ರಾವಣದಲ್ಲಿ ಮಠದಲ್ಲಿ ಸಪ್ತಾಹ ನಡೆಯುತ್ತಿತ್ತು. ಏಳು ದಿನ ಹಗಲೂ ರಾತ್ರಿ ಶಿವನಾಮದ ಭಜನೆ ಕಡಿಯಬಾರದು, ಊರವರು ಪಾಳಿ ಹಚ್ಚಿಕೊಂಡು ಹಾಡಬೇಕು. ಬೆಳಗಿನ ತಂಪು ಹೊತ್ತು, ಸಂಜೆಯ ಹೊತ್ತು ಹಿರಿಯರ ಪಾಲಿಗೆ. ಉಂಡು ಕಣ್ಣು ಎಳೆಯುವ ಮಧ್ಯಾಹ್ನದ ಪಾಳಿ ಅಣ್ಣನಂಥ ಹುಡುಗರ ತಲೆಗೆ. ಆ ವರ್ಷ ನಿದ್ದೆ ತಡೆಯಲೆಂದು ಅಣ್ಣ ತಾಳವನ್ನು ಬಿರುಸು ಮಾಡಿದ. ಅವನ ಓಣಿಯ ಗೆಳೆಯರಿಬ್ಬರು, ಒಬ್ಬ ಬ್ಯಾಂಜೋದವನು, ಒಬ್ಬ ತಾಳದವನು, ಅವನ ಬೆನ್ನು ಹತ್ತಿದರು.

ಇನ್ನೊಬ್ಬ ಗೆಳೆಯನಿದ್ದ. ಕೇರಿಯವನು, ಹಲಗೆ ಬಾರಿಸುವುದರಲ್ಲಿ ಅವನನ್ನು ಸರಿಗಟ್ಟುವವರಿರಲಿಲ್ಲ. ಮಠದೊಳಗೆ ಅವನನ್ನು ಬಿಡುತ್ತಿರಲಿಲ್ಲ. ಅವನು ಹೊರಗೆ ಬೇವಿನ ನೆರಳಲ್ಲಿ ಕುಳಿತು, ಗೋಡೆಯಾಚೆಯ ತಾಳ ಕೇಳುತ್ತ ಹಲಗೆ ಬಡಿದ. ಒಳಗಿನಿಂದ ಅಣ್ಣ ಅದಕ್ಕೆ ಸರಿಯಾಗಿ ದನಿ ಎತ್ತಿದ. ಸ್ವಲ್ಪ ಹೊತ್ತಿಗೆ ಅದು ಹಾಡಾಗಿ ಉಳಿಯಲಿಲ್ಲ, ಒದರಾಟವಾಯಿತು. ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದ ಹಿರಿಯರೆಲ್ಲ ಎದ್ದು ಕುಳಿತರು. ಒದರಿದ್ದು ದೇವರ ಹೆಸರನ್ನೇ ಆದ್ದರಿಂದ ಬೈಯುವಂತೆಯೂ ಇಲ್ಲ. ಒಬ್ಬ ಅಜ್ಜ ಮಾತ್ರ, "ಶಿವಗ ಕಿವಿ ಚಂದಾಗಿ ಕೇಳಸ್ತಾವಲೇ, ಸಣ್ಣಾಗಿ ಅನ್ರಿ," ಅಂದ.

ಸಪ್ತಾಹ ಮುಗಿದರೂ ಆ ನಾಲ್ವರು ಮುಗಿಸಲಿಲ್ಲ. ನಮ್ಮ ಮನೆಯ ಹಿಂದೆ ಹತ್ತಿ ತುಂಬುವ ಖೋಲಿಯಿತ್ತು, ಅದೇ ಅವರ ತಾಲೀಮಿನ ಜಾಗವಾಯಿತು. ದೇವರ ನಾಮ ಬಿಟ್ಟು ತಮ್ಮವೇ ಹಾಡು ಕಟ್ಟತೊಡಗಿದರು. ಕೈ ಮಾಡಿದರೂ ನಿಲ್ಲದೆ ಹೋಗುವ ಬಸ್ಸಿನ ಮೇಲೆ ಒಂದು, ಬಾರದ ಕಾಲುವೆ ನೀರಿನ ಮೇಲೆ ಒಂದು. ಹಾಡು ಶುರುವಾಗುವುದು ಮೆಲ್ಲಗೆ, ಬ್ಯಾಂಜೋ ಒಂದೇ. ಅಣ್ಣ ಪಕ್ಕದವನಿಗೆ ಗುಟ್ಟು ಹೇಳುವ ಹಾಗೆ ಎರಡು ಸಾಲು ಅನ್ನುತ್ತಿದ್ದ. ಆಮೇಲೆ ಒಮ್ಮೆಲೇ ನಾಲ್ವರೂ ಕೂಡಿ ಒದರುವುದು, ಹಾಗೆಯೇ ಒಮ್ಮೆಲೇ ನಿಲ್ಲಿಸುವುದು. ಆ ನಿಲ್ಲಿಸುವುದರಲ್ಲೇ ಅವರ ಹೆಚ್ಚುಗಾರಿಕೆ. ಕೇಳುತ್ತಿದ್ದವರು ಮುಂದಕ್ಕೆ ಮುಗ್ಗರಿಸಿದಂತಾಗಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಒಂದೊಂದು ಹಾಡೂ ಕಪ್ಪಿನಲ್ಲಿನ ಚಹಾ ಆರುವುದರೊಳಗೆ ಮುಗಿಯುತ್ತಿತ್ತು.

ಖೋಲಿಯಲ್ಲಿ ಹತ್ತಿ ತುಂಬಿರುವವರೆಗೆ ತೊಂದರೆ ಇರಲಿಲ್ಲ. ಎಷ್ಟೇ ಒದರಿದರೂ ಹತ್ತಿಯೇ ನುಂಗಿಕೊಳ್ಳುತ್ತಿತ್ತು, ಓಣಿಗೆ ಬರೀ ಗುಂಯ್ ಎನ್ನುವ ಸದ್ದು. ಅಪ್ಪ ಹತ್ತಿಯನ್ನು ಅಣ್ಣಿಗೇರಿಗೆ ಸಾಗಿಸಿದ ಮರುದಿನ ಖಾಲಿ ಖೋಲಿಯಿಂದ ಬಂದ ದನಿಗೆ ಎದುರು ಮನೆಯ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಅವ್ವ ಸೌಟು ಹಿಡಿದೇ ಹಿತ್ತಲಿಗೆ ಹೋಗಿ, "ಯಾರರೆ ಸತ್ತಾರೇನಲೇ? ಸಾಕ್ ಮಾಡ್ರಿ, ಮಂದಿ ಬಂದು ಕೇಳಾಕತ್ತಾರ," ಅಂದಳು. ಅಂದವಳೇ ಅವರಿಗೆ ಚಹಾ ಕಾಸಿದಳು. ಹಲಗೆಯವನ ಕಪ್ಪು ಹಿತ್ತಲಿನ ಗೋಡೆಯ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಅದಕ್ಕೆ ಚಹಾ ಸುರಿಯುವಾಗ ನಾನು ಅವನ ಮುಖ ನೋಡುತ್ತಿರಲಿಲ್ಲ.

ಆ ಹಾಡು ನನಗೆ ಸೇರುತ್ತಿತ್ತು ಎಂದು ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಬಸ್ಸಿನ ಹಾಡಿನಲ್ಲಿ ಒಂದು ಸಾಲು ನನ್ನದೇ. ಹಾಡುವಾಗ ಅಣ್ಣನ ಕುತ್ತಿಗೆಯ ನರ ಉಬ್ಬಿ, ಮುಖ ಬೇರೆ ಯಾರದೋ ಆಗುತ್ತಿತ್ತು. ಅಪ್ಪನ ಮುಂದೆ ತಲೆ ಎತ್ತದವನು, ಅಂಗಡಿಯವನು ತೂಕದಲ್ಲಿ ಹೊಡೆದರೂ ಸುಮ್ಮನೆ ಬರುವವನು, ಆ ಖೋಲಿಯಲ್ಲಿ ಮಾತ್ರ ಎದೆ ಬಿಚ್ಚಿ ನಿಲ್ಲುತ್ತಿದ್ದ. ನಾನು ಕದದ ಸಂದಿಯಿಂದ ನೋಡುತ್ತ ಎಷ್ಟೋ ಸಲ ಒಲೆಯ ಮೇಲಿನ ಹಾಲು ಉಕ್ಕಿಸಿದ್ದೇನೆ.

ಹೊರಗೆ ಅವರು ಹಾಡಿದ್ದು ಕಡಿಮೆ. ಜನ ಮೊದಲು ನಕ್ಕರು, ಆಮೇಲೆ 'ಒದರು ಮೇಳ' ಎಂದು ಹೆಸರಿಟ್ಟರು. ಅವರಿಗೆ ನಿಜವಾಗಿ ಜನ ಕೂಡಿದ್ದು ಯಮನೂರಿನಲ್ಲಿ. ಅಲ್ಲಿನ ದರ್ಗಾಕ್ಕೆ ನಡೆದುಕೊಳ್ಳುವವರು ಹಳ್ಳದಲ್ಲಿ ಮಿಂದು ದಂಡೆಗೆ ಬರುವ ಹೊತ್ತಿಗೆ ಇವರು ನಿಂತು ಹಾಡಿದರು. ಅಲ್ಲಿ ಯಾರೂ ಯಾರ ಜಾತಿ ಕೇಳುವುದಿಲ್ಲ, ನಾಲ್ವರೂ ಸಾಲಾಗಿ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರಂತೆ. ಅಣ್ಣ ಮನೆಗೆ ಬಂದಾಗ ಅವನ ಗಂಟಲು ಕಟ್ಟಿತ್ತು. ಮೂರು ದಿನ ಕೈಸನ್ನೆಯಲ್ಲೇ ಮಾತಾಡಿದ, ಮೂರು ದಿನವೂ ನಗುತ್ತಿದ್ದ.

ಆಮೇಲೆ ನನ್ನ ಸಂಬಂಧ ಬಂತು. ದೇವಿಕೊಪ್ಪದ ಕಡೆಯವರು. ಅದಕ್ಕೂ ಮೊದಲು ಎರಡು ಕಡೆ ಮಾತು ಮುರಿದಿತ್ತು, ಅವ್ವನ ಮುಖ ಬಾಡಿತ್ತು. ಈ ಸಲ ಹುಡುಗ ನನಗೂ ಹಿಡಿಸಿದ್ದ. ನೋಡಲು ಬಂದಾಗ ಅವಲಕ್ಕಿಯ ಮೆಣಸಿನಕಾಯಿ ಕಚ್ಚಿ, ಕಣ್ಣಲ್ಲಿ ನೀರು ಬಂದರೂ ನೀರು ಕೇಳಲು ನಾಚಿ ಕುಳಿತಿದ್ದ. ನನಗೆ ಅಷ್ಟೇ ಸಾಕಾಗಿತ್ತು.

ಕೊನೆಯ ಮಾತಿಗೆ ಅವರ ಕಡೆಯ ಹಿರಿಯರೊಬ್ಬರು ಬಂದರು. ನಮ್ಮ ಕಡೆ ಒಂದು ರೂಢಿಯಿದೆ. ಬೀಗತನಕ್ಕೆ ಬಂದವರು ಒಳಗೆ ಜಮಖಾನದ ಮೇಲೆ ಕುಳಿತು ಆಡುವುದೆಲ್ಲ ಉಪಚಾರದ ಮಾತು. ಮನಸ್ಸಿನಲ್ಲಿದ್ದದ್ದನ್ನು ಅವರು ಹೋಗುವಾಗ, ಚಪ್ಪಲಿ ಮೆಟ್ಟುತ್ತ ಕೇಳುತ್ತಾರೆ. ಹಿಂದಿನ ಎರಡೂ ಸಂಬಂಧ ಮುರಿದದ್ದು ಹಾಗೆ ಚಪ್ಪಲಿ ಮೆಟ್ಟುವಾಗಲೇ. ಈ ಹಿರಿಯರು ಮಳೆ, ಬೆಳೆ ಎಲ್ಲ ಮಾತಾಡಿ ಎದ್ದರು. ಹೊಸ್ತಿಲು ದಾಟಿ ಒಂದು ಕಾಲು ಚಪ್ಪಲಿಗೆ ತೂರಿಸಿ, "ಅಲ್ರಿ, ನಿಮ್ಮ ಹುಡುಗಂದು ಮೇಳ ಐತಂತಲ್ರಿ. ಇನ್ನೂ ನಡದೈತೇನ್ರಿ?" ಎಂದರು.

ಅಪ್ಪನ ಮುಖ ಬಿಳಿಚಿತು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಗೌಡಕಿ ಮನೆತನದ ಹುಡುಗ, ಕೇರಿಯ ಹುಡುಗನ ಜೊತೆ ಊರೂರು ಒದರುತ್ತ ತಿರುಗುತ್ತಾನೆ. ಅವರು ಕೇಳಿದ್ದು ಅದನ್ನೇ ಎಂದು ನಾವೆಲ್ಲರೂ ತಿಳಿದುಕೊಂಡೆವು. ಅಪ್ಪ ತಡಮಾಡಲಿಲ್ಲ. "ಇಲ್ರಿ, ಬಿಟ್ಟಾನ್ರಿ. ಹುಡುಗಾಟಗಿ ಇತ್ತು, ಮುಗೀತ್ರಿ," ಅಂದ.

"ಹೌದೇನ್ರಿ," ಎಂದು ಹಿರಿಯರು ಇನ್ನೊಂದು ಚಪ್ಪಲಿ ಮೆಟ್ಟಿ ನಡೆದರು. ನನಗೆ ಕಂಡದ್ದು ಅವರ ಬೆನ್ನು ಮಾತ್ರ.

ಅಣ್ಣ ಅಲ್ಲೇ ಕಂಬದ ಹತ್ತಿರ ನಿಂತಿದ್ದ. ಅಪ್ಪ ಅವನಿಗೆ ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಣ್ಣ ನನ್ನ ಕಡೆ ನೋಡಿದ. ಬ್ಯಾಡಣ್ಣಾ, ನೀ ಹಾಡು ಅಂತ ನಾನು ಅನ್ನಬಹುದಿತ್ತು. ನಾನು ನೆಲ ನೋಡಿದೆ. ಒಳಗೊಳಗೇ ನನಗೆ ಆದದ್ದು ಖುಷಿ, ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ. ಅವನು ಅಂಗಿ ತೊಟ್ಟು, ಹಿಟ್ಟಿನ ಗಿರಣಿಯ ಹತ್ತಿರ ಮೂವರನ್ನೂ ಕೂಡಿಸಿ ಹೇಳಿ ಬಂದ. ಹಲಗೆಯವನು, "ಕಾರಣ ನಾನ ಅಲ್ಲೇನೋ?" ಎಂದು ಕೇಳಿದನಂತೆ. ಅಂದಿನಿಂದ ಅವನು ನಮ್ಮ ಹಿತ್ತಲಿಗೆ ಬರಲಿಲ್ಲ.

ಮದುವೆಯಾಗಿ ದೇವಿಕೊಪ್ಪಕ್ಕೆ ಹೋದೆ. ಮಾವನವರು ಒಳ್ಳೆಯ ಮನುಷ್ಯ, ಸೊಸೆ ಉಂಡಳೇ ಎಂದು ಕೇಳಿ ತಾವು ಕೈ ತೊಳೆಯುವವರು. ಒಂದು ದಿನ ಅನ್ನ ಬಡಿಸುತ್ತಿದ್ದಾಗ ಕೇಳಿದರು.

"ಯವ್ವಾ, ನಿಮ್ಮಣ್ಣ ಮೇಳ ಯಾಕ ಬಿಟ್ಟ?"

ನಾನು ಸಾರಿನ ಪಾತ್ರೆಯತ್ತ ತಿರುಗಿ ಸೌಟು ಎತ್ತಿಕೊಂಡೆ.

"ಯಮನೂರಾಗ ಕೇಳಿದ್ದೆ ನಾ. ಜಳಕಾ ಮಾಡಿ ಬಂದಾಂವ ಹಂಗ ನಿಂತೆ ನೋಡು, ಮೈಮ್ಯಾಲಿನ ಧೋತರ ಒಣಗಿದ್ದು ಗೊತ್ತಾಗಲಿಲ್ಲ. ಆ ಹಲಗಿ ಹುಡುಗಂದು ಏನ್ ಕೈ ಅದು. ನಿಮ್ಮ ಮದುವಿಗೆ ಅವರನ್ನ ಹಾಡಸೂಣು ಅಂತ ಮಾಡಿದ್ದೆ. ಅದಕ್ಕ ನಿಮ್ಮ ಮನಿಗೆ ಮಾತಿಗೆ ಹೊಂಟಿದ್ದ ನಮ್ಮ ಕಾಕಾಗ ಕೇಳಿ ಬಾ ಅಂದಿದ್ದೆ. ಬಿಟ್ಟಾನಂತ ಅಂದ್ರಲ್ಲ, ಅಗದಿ ಬ್ಯಾಸರಾತು."

ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ಅವರ ಕಡೆ ಚಪ್ಪಲಿ ಮೆಟ್ಟುವಾಗಿನ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ. ಮರೆತಿದ್ದು ನೆನಪಾಗಿ ಕೇಳಿದ್ದಷ್ಟೇ. ಆ ರಾತ್ರಿ ನನ್ನ ಗಂಡನಿಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಅಣ್ಣನಿಗೆ ಮಾತ್ರ ಹೇಳಲಿಲ್ಲ. ಮೊದಲ ಸಲ ತವರಿಗೆ ಹೋದಾಗ ಹೇಳಬೇಕೆಂದೇ ಹೋಗಿದ್ದೆ. ಅಣ್ಣ ಓಣಿಯವರ ಮುಂದೆ, "ತಂಗಿ ಸಲುವಾಗಿ ಬಿಟ್ಟೆ, ಅದರಾಗೇನೈತಿ," ಎನ್ನುತ್ತಿದ್ದ. ಹಾಗೆನ್ನುವಾಗ ಅವನ ಎದೆ ಸ್ವಲ್ಪ ಬಿಚ್ಚುತ್ತಿತ್ತು. ಮೇಳ ಹೋದ ಮೇಲೆ ಅವನಿಗೆ ಉಳಿದದ್ದು ಆ ಮಾತೊಂದೇ. ಅದನ್ನೂ ಕಿತ್ತುಕೊಳ್ಳಲು ನನಗೆ ಬಾಯಿ ಬರಲಿಲ್ಲ.

ವರ್ಷಗಳು ಕಳೆದವು, ಮಾವ ತೀರಿಕೊಂಡರು. ಆ ದಶಕದ ಕೊನೆಯಲ್ಲಿ ಒಂದು ಪಂಚಮಿಗೆ ತವರಿಗೆ ಹೋಗಿದ್ದೆ. ನನ್ನನ್ನು ಕರೆದೊಯ್ಯಲು ನಮ್ಮವರು ಬಂದಿದ್ದರು. ಅದೇ ದಿನ ಹಲಗೆಯವನು ಅಣ್ಣನನ್ನು ನೋಡಲು ಬಂದ. ಈಗ ಕುಂದಗೋಳದ ಕಡೆ ಶಾಲೆಯ ಮಾಸ್ತರ, ಇಸ್ತ್ರಿ ಮಾಡಿದ ಅಂಗಿ. ಎಲ್ಲರ ಜೊತೆ ಪಡಸಾಲೆಯಲ್ಲೇ ಕುಳಿತ. ಎಲ್ಲರಿಗೂ ಕೊಟ್ಟಂಥ ಕಪ್ಪಿನಲ್ಲೇ ಚಹಾ ಕೊಟ್ಟೆ, ಈ ಸಲ ಅವನ ಮುಖವನ್ನೂ ನೋಡಿದೆ. ಹಳೆಯ ಮಾತು ಬಂದು ಅಣ್ಣ, "ಇಕಿ ಮದುವಿ ಬರದಿದ್ರ ನಾವು ಎಲ್ಲಿಗೋ ಮುಟ್ಟತಿದ್ವಿ," ಎಂದು ನಕ್ಕ. ಮಾಸ್ತರ ನಗಲಿಲ್ಲ.

"ಅಕ್ಕಾರ, ಒಂದ್ ಮಾತ್ ಕೇಳತೀನಿ, ತಪ್ ತಿಳೀಬ್ಯಾಡ್ರಿ. ನಿಮ್ಮ ಮಾವನೋರು ಬ್ಯಾಡ ಅಂದದ್ದು ನನ್ನ ಸಲುವಾಗೇನ್ರಿ?"

ನಿಜ ಹೇಳಿದರೆ ಅವನ ಎದೆಯ ಮುಳ್ಳು ಹೋಗುತ್ತಿತ್ತು, ಅಣ್ಣನ ತ್ಯಾಗ ಬರೀ ಪೆದ್ದುತನವಾಗುತ್ತಿತ್ತು. ನಮ್ಮವರು ಏನೋ ಹೇಳಲು ಬಾಯಿ ತೆರೆದರು. ನಾನು ಅವರಿಗಿಂತ ಮುಂಚೆ ಹೇಳಿಬಿಟ್ಟೆ.

"ನಿಮ್ಮ ಸಲುವಾಗಿ ಅಲ್ರಿ. ನಮ್ಮ ಮಾವನೋರಿಗೆ ಹಾಡಂದ್ರನ ಸೇರತಿದ್ದಿಲ್ಲ. ಯಾರ್ ಹಾಡಿದ್ರೂ ಅಷ್ಟ."

"ಹಂಗೇನ್ರಿ," ಎಂದು ಮಾಸ್ತರ ಕಪ್ಪು ಕೆಳಗಿಟ್ಟ. ಅವನು ನಂಬಲಿಲ್ಲ, ನನಗದು ಗೊತ್ತಾಯಿತು. ಅಣ್ಣ, "ಹಳೇ ಮಂದಿ, ಇರಲಿ ಬಿಡು," ಎಂದು ದೊಡ್ಡ ಮನಸ್ಸು ಮಾಡಿದ.

ನಾವಿಬ್ಬರೂ ಹುಬ್ಬಳ್ಳಿಗೆ ಬಂದೆವು. ಅಲ್ಲಿ ಕಲಘಟಗಿಯ ಬಸ್ಸು ಹತ್ತಿ ಕುಳಿತ ಮೇಲೆ ನಮ್ಮವರು ಕಿಡಕಿಯ ಕಡೆ ಮುಖ ಮಾಡಿದ್ದರು. ಟಿಕೆಟ್ ಹರಿದುಕೊಟ್ಟು ಕಂಡಕ್ಟರ್ ಮುಂದೆ ಹೋದ ಮೇಲೆ ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದರು.

"ನಮ್ಮಪ್ಪ ನಿನಗ ಏನ್ ಮಾಡಿದ್ದ?"