ಬಾಣಂತಿ ಕೋಣೆಯ ಕಂಪ್ಯೂಟರು

ಹೋದ ಭಾನುವಾರ ಕಂಪ್ಯೂಟರ್ ಡಬ್ಬಿಯ ಬಾಜೂ ತಗಡು ಬಿಚ್ಚಿದೆ. ವರ್ಷಕ್ಕೊಮ್ಮೆ ಮಾಡುವ ಕೆಲಸ. ಬಿಚ್ಚಿದ ಕೂಡಲೇ ಕಾದ ಧೂಳಿನ ವಾಸನೆ ಮುಖಕ್ಕೆ ಬಡಿಯಿತು. ಬಿಸಿ ತಗಡು, ಸುಟ್ಟ ಅರಳೆ, ಎರಡೂ ಕೂಡಿದಂಥ ವಾಸನೆ. ಅದರ ಹಿಂದೆಯೇ ಲೋಬಾನದ ಹೊಗೆಯೂ ಬರಬೇಕಿತ್ತಲ್ಲ ಎಂದು ಮೂಗು ಕಾಯಿತು. ಬರಲಿಲ್ಲ. ಹುಬ್ಬಳ್ಳಿಯ ಈ ಮನೆಯಲ್ಲಿ ಲೋಬಾನ ಹಾಕುವವರು ಯಾರಿದ್ದಾರೆ... ಹಾಕುತ್ತಿದ್ದವಳು ಎರೆಯುವ ಆಯಿ.

ನನ್ನ ಮಗಳಿಗೆ ಮೊದಲ ದಿನಗಳಲ್ಲಿ ಎಣ್ಣೆ ತೀಡಿ, ನೀರು ಎರೆದು, ಲೋಬಾನದ ಹೊಗೆ ಹಾಕಿ ಮಲಗಿಸಿದವಳು ಅವಳು. ನವಲಗುಂದದಲ್ಲಿ ಅವ್ವನ ಮನೆಯ ಓಣಿಯಲ್ಲೇ ಇದ್ದಳು. ಪ್ರಾಯದಲ್ಲಿ ಜಮಖಾನೆ ನೇಯ್ದವಳು. ಕಣ್ಣು ಮಂದವಾದ ಮೇಲೆ ಮಗ್ಗ ಬಿಟ್ಟು ಓಣಿಯ ಕೂಸುಗಳಿಗೆ ಎರೆಯುತ್ತಿದ್ದಳು. ನನ್ನ ಅವ್ವನಿಗೂ ಆಯಿ, ನನಗೂ ಆಯಿ.

ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದಳು. ತೂಕ ಎರಡು ಕಿಲೋ ಕೂಡ ಇರಲಿಲ್ಲ. ಡಾಕ್ಟರು ಬೆಚ್ಚಗಿಡಿ, ಎರಡೆರಡು ತಾಸಿಗೆ ಹಾಲು ಕುಡಿಸಿ, ವಾರಕ್ಕೊಮ್ಮೆ ತಂದು ತೂಕ ಮಾಡಿಸಿ ಎಂದು ಹೇಳಿ ಕಳಿಸಿದ್ದರು. ತೂಕ ಇಳಿದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕು ಎಂದೂ ಅಂದಿದ್ದರು. ನನಗೆ ಆ ಕೊನೆಯ ಮಾತೊಂದೇ ಕೇಳಿಸಿತ್ತು. ಕೂತರೂ ಅದೇ, ನಿಂತರೂ ಅದೇ.

ಅವ್ವನಿಗೆ ಕೇಳಿಸಿದ್ದು ‘ಬೆಚ್ಚಗಿಡಿ’ ಎಂಬುದಷ್ಟೇ. ನಮ್ಮ ಕಡೆ ಬಾಣಂತಿ ಕೋಣೆಗೆ ಗಾಳಿಯೆಂದರೆ ವೈರಿ. ಕಿಟಕಿಯ ಸಂದಿಗಳಿಗೆಲ್ಲ ಹಳೆಯ ಸೀರೆ ತುರುಕಿದಳು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಳು. ಮೇಲಿನ ಫ್ಯಾನು ಯಾರೂ ಹಾಕಬಾರದೆಂದು ಸ್ವಿಚ್ಚಿನ ಮೇಲೆ ಪಟ್ಟಿ ಅಂಟಿಸಿದಳು. ನನ್ನ ತಲೆಗೆ ಸ್ಕಾರ್ಫು, ಕಿವಿಗೆ ಅರಳೆ. ಕೂಸಿಗೆ ಅಂಗಿ, ಅಂಗಿಯ ಮೇಲೆ ಕುಂಚಿಗೆ, ಕುಂಚಿಗೆಯ ಮೇಲೆ ಕೌದಿ. ಅದೇ ಕೋಣೆಯ ಮೂಲೆಯಲ್ಲಿ ನನ್ನ ಕಂಪ್ಯೂಟರು. ನಾನು ಹುಬ್ಬಳ್ಳಿಯ ಒಂದು ಪ್ರೆಸ್ಸಿಗೆ ಪುಸ್ತಕದ ಪುಟ ಜೋಡಿಸಿ ಕೊಡುತ್ತಿದ್ದೆ. ಕೆಲಸ ಬಿಟ್ಟರೆ ಅದು ಬೇರೆಯವರ ಪಾಲು, ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಹೀಗಾಗಿ ನನ್ನ ಗಂಡ ಕಂಪ್ಯೂಟರನ್ನೇ ಒಳಗೆ ತಂದಿಟ್ಟು ಹೋಗಿದ್ದ.

ವಾರ ಕಳೆಯುವುದರೊಳಗೆ ಅದು ಒದರತೊಡಗಿತು. ಮೊದಲು ಬರೀ ಗುಂಯ್ ಅನ್ನುತ್ತಿತ್ತು, ಆಮೇಲೆ ಹಿಟ್ಟಿನ ಗಿರಣಿಯೇ ಆಯಿತು. ಕೂಸು ಮಲಗಿದಾಗ ಮಾತ್ರ ನನಗೆ ಕೆಲಸ. ನಾನು ಕೆಲಸಕ್ಕೆ ಕೂತರೆ ಅದಕ್ಕೆ ಅಬ್ಬರ. ಕೂಸು ಬೆಚ್ಚಿಬಿದ್ದು ಏಳುತ್ತಿತ್ತು. ಅತ್ತು ದಣಿದು, ಎದೆಗೆ ಹಚ್ಚಿದರೆ ನಾಲ್ಕು ಗುಟುಕಿಗೇ ಸೋತುಬಿಡುತ್ತಿತ್ತು. ನಾನು ಗುಟುಕು ಎಣಿಸುತ್ತ ಕೂಡುತ್ತಿದ್ದೆ. ಒಂದು ಸಲ ಬೆಚ್ಚಿದರೆ ಎಷ್ಟು ಇಳಿದೀತು ಎಂದು ಹುಚ್ಚಿಯ ಹಾಗೆ ಮನಸ್ಸಿನಲ್ಲೇ ತೂಗುತ್ತಿದ್ದೆ.

“ಅದಕ್ಕೂ ಒಂದು ಕೌದಿ ಹೊಚ್ಚವಾ, ಸಪ್ಪಳ ಕೇಳಂಗಿಲ್ಲ,” ಎಂದಳು ಅವ್ವ. ಓದಿದವಳು ನಾನು, ಹೊಚ್ಚಿಯೂಬಿಟ್ಟೆ! ಅರ್ಧ ತಾಸು ಕೋಣೆ ತಣ್ಣಗಿತ್ತು, ಅಂದರೆ ಸಪ್ಪಳದ ಮಟ್ಟಿಗೆ. ಆಮೇಲೆ ಕೌದಿಯೊಳಗಿನಿಂದಲೇ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಒದರಿ, ಪರದೆ ಕಪ್ಪಾಗಿ ನಿಂತೇಹೋಯಿತು. ಹುಬ್ಬಳ್ಳಿಯ ರಿಪೇರಿಯವನಿಗೆ ಫೋನು ಮಾಡಿದೆ. ನಡೆದದ್ದು ಕೇಳಿ ಅವನು ನಕ್ಕೂ ನಕ್ಕು, “ಅಕ್ಕಾರ, ಅದಕ್ಕೂ ಬಾಣಂತನಾ ಮಾಡಾಕತ್ತೀರೇನ್ರಿ?” ಎಂದ. ನನಗೆ ನಗು ಬರಲಿಲ್ಲ. ಕಡೆಗೆ ಅವನೇ ಪಾಪ, ಏನೇನು ಮಾಡಬೇಕೆಂದು ಒಂದೊಂದಾಗಿ ಹೇಳಿದ.

ಮರುದಿನ ಕೂಸಿಗೆ ಎರೆದಾದ ಮೇಲೆ ಆಯಿಯನ್ನು ಕೂಡಿಸಿಕೊಂಡು ಡಬ್ಬಿ ಬಿಚ್ಚಿದೆ. ಒಳಗಿನ ಫ್ಯಾನಿನ ಕೆಳಗೆ ಸಾಲಾಗಿ ನಿಂತ ತೆಳ್ಳನೆ ಪಟ್ಟಿಗಳ ನಡುವೆ ಧೂಳು, ನೂಲಿನ ಜುಂಗು ಎಲ್ಲ ಸೇರಿ ಗಾದಿಯ ಹಾಗೆ ಮೆತ್ತಿಕೊಂಡಿತ್ತು. ಬ್ರಷ್ ಆಡಿಸುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿಯಬೇಕಿತ್ತು. ಆಯಿ ಹಿಡಿದಳು. ಮಗ್ಗದ ಎಳೆ ಹಿಡಿದ ಬೆರಳು, ಅಲುಗಲಿಲ್ಲ. “ಇಷ್ಟು ತುಂಬಿಕೊಂಡ್ರ ಉಸಿರು ಹೆಂಗ ಆಡಬೇಕು ಇದು?” ಎಂದು ಕಂಪ್ಯೂಟರಿನ ಪರವಾಗಿ ನನ್ನನ್ನೇ ಬೈದಳು. ಫ್ಯಾನಿನ ಅಡಿಯಲ್ಲಿ ಒಣಗಿ ಸುಣ್ಣದಂತಾಗಿದ್ದ, ಬಿಸಿ ಎಳೆದುಕೊಳ್ಳುವ ಪೇಸ್ಟನ್ನು ಒರೆಸಿ, ಗಂಡ ಬಸ್ಸಿನಲ್ಲಿ ಕಳಿಸಿದ್ದ ಹೊಸ ಪೇಸ್ಟು ಕಡಲೆಕಾಳಿನಷ್ಟು ಹಚ್ಚಿದೆ. ಆಯಿ ತನ್ನ ಮನೆಗೆ ಹೋಗಿ ಒಂದು ತುಂಡು ಜಮಖಾನೆ ತಂದು, ನಾಲ್ಕು ಮಡಿಕೆ ಮಾಡಿ ಡಬ್ಬಿಯ ಅಡಿಗೆ ಹಾಕಿದಳು. ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿದೆವು. ಚಾಲೂ ಮಾಡಿದರೆ ಸಪ್ಪಳವೇ ಇಲ್ಲ! ನಾನು ಅತ್ತೇಬಿಟ್ಟೆ. ಆಯಿ ಬೊಚ್ಚುಬಾಯಿ ತೆರೆದು ನಕ್ಕಳು.

ಎರಡು ದಿನ ಸುಖವಾಗಿತ್ತು. ಮೂರನೆಯ ದಿನ ಮೋಡ ಕವಿದು ತಣ್ಣನೆ ಗಾಳಿ ಬೀಸಿತು. ಅವ್ವ ಅಗ್ಗಿಷ್ಟಿಕೆಗೆ ಮತ್ತಷ್ಟು ಕೆಂಡ ಹಾಕಿ, ಕೂಸಿಗೆ ಇನ್ನೊಂದು ಕೌದಿ ಹೊಚ್ಚಿ ಸಂತೆಗೆ ಹೋದಳು. ಕಂಪ್ಯೂಟರಿನ ಒಳಗಿನ ಬಿಸಿ ಎಷ್ಟೆಂದು ತೋರಿಸುವ ಅಂಕಿಯೊಂದನ್ನು ರಿಪೇರಿಯವನು ಫೋನಿನಲ್ಲೇ ಹೇಳಿ ಪರದೆಯ ಮೂಲೆಯಲ್ಲಿ ಹಾಕಿಸಿದ್ದ. ಅದು ಏರತೊಡಗಿತು. ಕಂಪ್ಯೂಟರು ಮತ್ತೆ ಒದರಿತು. ಬಿಚ್ಚುವಾಗ ನಾನೇ ಏನೋ ಕೆಡಿಸಿದೆ ಎಂದುಕೊಂಡೆ. ಇದರ ನಡುವೆ ಒಂದೇ ಸಮಾಧಾನ, ಕೂಸು ಏಳಲಿಲ್ಲ. ಅಷ್ಟು ಸಪ್ಪಳದಲ್ಲೂ ಮಲಗೇ ಇತ್ತು. ಹಾಲಿನ ಹೊತ್ತು ಮೀರಿದ್ದರೂ ಮಲಗಿತ್ತು. ಅಂತೂ ರೂಢಿಯಾಯಿತಲ್ಲ ಎಂದು ಖುಷಿಪಟ್ಟೆ.

ಆಯಿ ಬಂದದ್ದು ಮುಂಜಾನೆ ಮರೆತು ಹೋಗಿದ್ದ ಎಲೆ-ಅಡಕೆಯ ಸಂಚಿ ಒಯ್ಯಲು. ಬಾಗಿಲಲ್ಲೇ ನಿಂತಳು.

“ಇಷ್ಟು ಒದರಿದ್ರೂ ಕೂಸು ಎದ್ದಿಲ್ಲೇನ?”

“ರೂಢಿ ಆಗೇತಿ, ಆಯಿ.”

ಅವಳು ಸೀದಾ ಬಂದು ಕೌದಿಯೊಳಗೆ ಕೈ ಹಾಕಿ ಕೂಸಿನ ಕುತ್ತಿಗೆಯ ಹಿಂದೆ ಮುಟ್ಟಿದಳು. ಎರಡೂ ಕೌದಿ ಕಿತ್ತೆಸೆದಳು, ಕುಂಚಿಗೆ ಬಿಚ್ಚಿದಳು. ಕೂಸು ಕೆಂಪಗೆ ಕಾದಿತ್ತು, ಬೆವರಲ್ಲಿ ತೊಯ್ದಿತ್ತು, ಕೈ ಎತ್ತಿದರೆ ಜೋತುಬೀಳುತ್ತಿತ್ತು. ಎದೆ ಪುಟಪುಟ ಹಾರುತ್ತಿತ್ತು. ಆಯಿ ಸೆರಗಿನಲ್ಲಿ ಹಿಡಿದು ಅಗ್ಗಿಷ್ಟಿಕೆಯನ್ನು ಹೊರಗಿಟ್ಟಳು. ಕಿಟಕಿಗೆ ತುರುಕಿದ್ದ ಸೀರೆಗಳನ್ನು ಎಳೆದುಹಾಕಿ ಕದ ತೆರೆದಳು.

“ಯವ್ವಾ, ಯಂತ್ರಕ್ಕರ ಒದರೂ ಶಕ್ತಿ ಐತಿ,” ಎಂದಳು. “ಈ ಕೂಸಿಗೆ ಅದೂ ಇಲ್ಲ.”

ಒದ್ದೆ ಅಂಗಿ ತೆಗೆದು, ತೆಳ್ಳನೆ ಅರಿವೆಯಲ್ಲಿ ಹಿಡಿದುಕೊಂಡು ಕೂತಳು. ಎಷ್ಟು ಹೊತ್ತೋ... ಕೂಸು ಅತ್ತಿತು. ಸಣ್ಣಗೆ, ಬೆಕ್ಕಿನ ಮರಿಯ ಹಾಗೆ. ಅಳುವುದನ್ನು ಕೇಳಿ ಅಷ್ಟು ಹರ್ಷಪಟ್ಟವಳು ಇನ್ನೊಬ್ಬಳಿರಲಿಕ್ಕಿಲ್ಲ. ಎದೆಗೆ ಹಚ್ಚಿದೆ, ಕುಡಿಯಿತು. ಮೂಲೆಯಲ್ಲಿ ಕಂಪ್ಯೂಟರು ಯಾವಾಗ ಸುಮ್ಮನಾಯಿತೋ ನನಗೆ ತಿಳಿಯಲಿಲ್ಲ. ಅದಕ್ಕೆ ಏನೂ ಆಗಿರಲಿಲ್ಲ. ಕೋಣೆಯೇ ಕುದಿಯುತ್ತಿತ್ತು, ಒಳಗೆ ಕೂತು ಬೆಂದ ನನಗೆ ಅದು ಗೊತ್ತಾಗಿರಲಿಲ್ಲ.

ಅವ್ವ ಸಂತೆಯಿಂದ ಬಂದು ತೆರೆದ ಕಿಟಕಿ ನೋಡಿದಳು. “ಬಾಣಂತಿ ಕ್ವಾಣ್ಯಾಗ ಗಾಳಿ ಬಿಟ್ಟೀಯಲ್ಲ, ನಿನಗ ತಿಳೀತೈತೋ ಇಲ್ಲೋ?” ಎಂದು ಆಯಿಯ ಮೇಲೆ ಹರಿಹಾಯ್ದಳು.

“ಬೆಚ್ಚಗ ಇಡೂದು ಬ್ಯಾರೆ, ಬೇಯ್ಸೂದು ಬ್ಯಾರೆ, ಬಾಯಾರ,” ಎಂದಳು ಆಯಿ. ಹೇಳಿ ನನ್ನ ಕಡೆ ನೋಡಿದಳು. ನಾನು ಹೌದೆನ್ನಬೇಕಿತ್ತು. ಎರಡೇ ಮಾತು. ಮೊದಲೇ ಬೇಡವೆಂದ ಕಂಪ್ಯೂಟರನ್ನು ಅವ್ವ ಈ ನೆಪದಲ್ಲಿ ಹೊರಗೆ ಹಾಕಿಸಿದರೆ? ಕೂಸಿನ ಪಕ್ಕದಲ್ಲೇ ಕೂತಿದ್ದ ನೀನೇನು ನೋಡುತ್ತಿದ್ದೆ ಎಂದು ಕೇಳಿದರೆ? ನಾನು ಕೂಸಿನ ಅಂಗಿ ಸರಿಮಾಡುತ್ತ ತಲೆ ತಗ್ಗಿಸಿದೆ.

ಎರಡು ದಿನಕ್ಕೆ ಕೂಸಿಗೆ ಸಣ್ಣಗೆ ಶೀತವಾಯಿತು. ಅವ್ವನಿಗೆ ಅಷ್ಟು ಸಾಕಾಗಿತ್ತು. ನಾಳೆಯಿಂದ ಬರುವುದು ಬೇಡವೆಂದು ಆಯಿಗೆ ಹೇಳಿಕಳಿಸಿ ಬೇರೆಯವಳನ್ನು ಹಿಡಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಅವ್ವ ಅಡುಗೆಮನೆಗೆ ಹೋದಾಗ ಕಿಟಕಿಯನ್ನು ಎರಡು ಬೆರಳು ತೆರೆದಿಟ್ಟು, ಪರದೆಯ ಅಂಕಿ ನೋಡಿಕೊಂಡು, ಕೂಸಿನ ಕುತ್ತಿಗೆ ಮುಟ್ಟಿ ನೋಡುತ್ತಿದ್ದೆ. ತೂಕ ಏರಿತು. ಹೊಸಬಳ ಕೈಗುಣ ಎಂದು ಅವ್ವ ಹಿಗ್ಗಿದಳು. ಬಾಣಂತನ ಮುಗಿದಾಗ ಎರೆದವಳಿಗೆ ಕೊಡುವ ಸೀರೆ-ಕುಬಸವೂ ಅವಳಿಗೇ ಹೋಯಿತು.

ಆಯಿಗೆ ಒಂದು ಸೀರೆ ಒಯ್ಯಬೇಕು, ಹೇಳಬೇಕು ಎಂದುಕೊಂಡೇ ವರ್ಷಗಳು ಹೋದವು. ನಾಚಿಕೆಯಾಗುವ ಕೆಲಸವನ್ನು ಮುಂದೂಡುವುದು ಎಷ್ಟು ಸುಲಭ... ಎರಡು ಮಳೆಗಾಲದ ಹಿಂದೆ ಅವಳು ತೀರಿಕೊಂಡಳು. ನನಗೆ ತಿಳಿದದ್ದು ಎಂಟು ದಿನದ ಮೇಲೆ.

ಭಾನುವಾರ ತಗಡು ಮುಚ್ಚಿದವಳೇ ಅವ್ವನಿಗೆ ಫೋನು ಮಾಡಿ ಆ ದಿನದ್ದನ್ನೆಲ್ಲ ಹೇಳಿದೆ.

“ಗೊತ್ತೈತಿ,” ಎಂದಳು ಅವ್ವ. “ಬೆವರಿಗೆ ತೊಯ್ದಿದ್ದ ಕೂಸಿನ ಅಂಗಿ ನಾನ ಹಿಂಡಿ ಒಣಗ ಹಾಕಿದ್ನಿ.”

“ಮತ್ಯಾಕ ಬಿಡಿಸಿದಿ ಆಕೀನ?”

“ದಿನಾ ಮುಂಜಾನೆ ಆಕಿ ಮುಖ ಹೆಂಗ ನೋಡ್ಲಿ?”

ತಾಯಿ ಮಗಳು ಇಬ್ಬರೂ ಅಷ್ಟು ವರ್ಷ ಒಬ್ಬ ಮುದುಕಿಯ ಮುಖ ತಪ್ಪಿಸಿ ಓಡಾಡಿದ್ದೆವು. ಅವಳಿಗೆ ನಮ್ಮ ಮೇಲೆ ಸಿಟ್ಟಿತ್ತೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ. ಓಣಿಯಲ್ಲಿ ಎದುರಾದಾಗಲೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನ ಗುರುತು ಹಿಡಿದು, “ಕೂಸು ಹೆಂಗೈತಿ ಯವ್ವಾ?” ಎಂದು ಕೇಳುತ್ತಿದ್ದಳು. ಚಲೋ ಐತಿ ಆಯಿ, ಎಂದು ಹೇಳಿ ನಾನು ಬೇಗ ಬೇಗ ಮುಂದೆ ಹೋಗುತ್ತಿದ್ದೆ. ನಿನ್ನಿಂದ ಐತಿ ಎಂದು ಒಂದು ಸಲವೂ ಹೇಳಲಿಲ್ಲ.